ಏಳನೇ ಕಂತಿನ ಕೂಗು

ಡಲ್ಲಾಸ್ ಪಕ್ಕದ ಕ್ಯಾರಲ್ಟನ್ ಊರಿನ ಮನೆಯಲ್ಲಿ ನಮಗೊಂದು ಊಟದ ಮೇಜಿತ್ತು. ಅದರ ಮೇಲೆ ಊಟ ಮಾಡಿದ ನೆನಪು ಮಾತ್ರ ನನಗಿಲ್ಲ. ಅದು ಅಮ್ಮನ ಆಫೀಸು. ಒಂದು ತುದಿಯಲ್ಲಿ ಟಿವಿ, ಡಿಸ್ಕ್ ಪ್ಲೇಯರ್, ಕಿವಿಯನ್ನು ಪೂರ್ತಿ ನುಂಗಿಬಿಡುವಂಥ ಹೆಡ್‌ಫೋನು. ಇನ್ನೊಂದು ತುದಿಯಲ್ಲಿ ಚೂಪು ಮಾಡಿಟ್ಟ ಪೆನ್ಸಿಲ್ಲುಗಳು ಮತ್ತು ಕಾಗದಗಳ ಕಟ್ಟು. ನಾವು ಮೂವರೂ ಅಡುಗೆಮನೆ ಕಟ್ಟೆಗೆ ಎತ್ತರದ ಸ್ಟೂಲು ಎಳೆದುಕೊಂಡು ಉಣ್ಣುತ್ತಿದ್ದೆವು. ಡಲ್ಲಾಸ್ ಕಡೆಯ ಒಂದು ಚಿಕ್ಕ ಸ್ಟುಡಿಯೋದವರು ಜಪಾನಿನ ಕಾರ್ಟೂನುಗಳಿಗೆ ಇಂಗ್ಲಿಷ್ ದನಿ ಕೊಡಿಸಿ, ಕೆಳಗೆ ಅಕ್ಷರ ಹಾಕಿ ಬಿಡುಗಡೆ ಮಾಡುತ್ತಿದ್ದರು. ಬಿಡುಗಡೆಗೆ ಮುಂಚೆ ಪ್ರತಿ ಡಿಸ್ಕನ್ನೂ ಯಾರಾದರೊಬ್ಬರು ಮೊದಲಿನಿಂದ ಕೊನೆಯವರೆಗೆ ನೋಡಿ ತಪ್ಪು ಹಿಡಿಯಬೇಕಿತ್ತು. ಆ ಕೆಲಸ ಅಮ್ಮನದು. ಚಿತ್ರದುರ್ಗದಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವಳು, ತಪ್ಪು ಹಿಡಿಯುವುದೆಂದರೆ ಅವಳಿಗೆ ಹಬ್ಬ. ಅಕ್ಷರ ಬೇಗ ಮಾಯವಾದರೆ, ತುಟಿ ನಿಂತ ಮೇಲೂ ಮಾತು ಓಡಿದರೆ ಅಮ್ಮ ಬಟನ್ ಒತ್ತಿ ನಿಲ್ಲಿಸಿ, ಎಷ್ಟನೇ ಕಂತು, ಎಷ್ಟನೇ ನಿಮಿಷ, ಏನು ಸರಿಮಾಡಬೇಕು ಎಂದು ಕಾಗದದಲ್ಲಿ ಬರೆಯುತ್ತಿದ್ದಳು. ಕೈ ನೋವು ಬಂದ ದಿನ ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಶುಕ್ರವಾರ ಕಾಗದವನ್ನೂ ಡಿಸ್ಕನ್ನೂ ಲಕೋಟೆಗೆ ಹಾಕಿ ಅಂಟಿಸುವುದು ನನ್ನ ಪಾಲಿನ ಕೆಲಸ. ಸ್ಟುಡಿಯೋದವರು ತಪ್ಪು ತಿದ್ದಿ, ತಿದ್ದಿದ ಪ್ರತಿ ಸಾಲಿಗೂ ಟಿಕ್ ಹಾಕಿ, ಅದೇ ಕಾಗದವನ್ನು ಹೊಸ ಡಿಸ್ಕ್ ಜೊತೆ ವಾಪಸ್ ಕಳಿಸುತ್ತಿದ್ದರು. ಅಮ್ಮ ಮತ್ತೊಮ್ಮೆ ನೋಡಿ ಸೈ ಎಂದಮೇಲೆ ಅದು ಜಗತ್ತಿಗೆ.

ಶಾಲೆಯಲ್ಲಿ ನಾನು ಶ್ರಾವ್ಯ, ಮನೆಯಲ್ಲಿ ತಿಪ್ಪಿ. ಆ ಹೆಸರಿನ ಕಥೆಯನ್ನು ಅಪ್ಪ ಬಂದವರಿಗೆಲ್ಲ ನಗುನಗುತ್ತಾ ಹೇಳುತ್ತಿದ್ದರು. ನಾನು ಹುಟ್ಟಿದಾಗ ಅಪ್ಪನಿಗೆ ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ಕೆಲಸ. ಬಾಣಂತನಕ್ಕೆಂದು ಬಂದ ಅಜ್ಜಿ, ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ ತಿಪ್ಪಮ್ಮ ಅಂತ ಹೆಸರಿಡಬೇಕು ಎಂದು ಹಟ ಹಿಡಿದರಂತೆ. ಅಂತರಿಕ್ಷಕ್ಕೆ ಜನರನ್ನು ಕಳಿಸುವ ಊರಿನಲ್ಲಿ ತಿಪ್ಪೆ ಎಲ್ಲಿಂದ ತರುವುದು? ಅಪ್ಪ ಗಿಡದ ಅಂಗಡಿಯಿಂದ ಒಂದು ಮೂಟೆ ಸೆಗಣಿ ಗೊಬ್ಬರ ತಂದು ಹಿತ್ತಿಲಲ್ಲಿ ಸುರಿದರು. ಅಜ್ಜಿ ಅದರ ಮೇಲೆ ಮೊರ ಇಟ್ಟು, ಮೊರದಲ್ಲಿ ನನ್ನನ್ನು ಮಲಗಿಸಿ, ಮೂರು ಸಲ ಹೆಸರು ಹೇಳಿದರು. ಬೇಲಿಯಾಚೆಯ ಮುದುಕ ಇಣುಕಿ ನೋಡಿ ಏನು ನಡೀತಿದೆ ಎಂದು ಕೇಳಿದಾಗ ಅಪ್ಪ, ಬೇಬಿ ಶವರ್ ಎಂದರಂತೆ. ಇಲ್ಲಿಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅಮ್ಮ ಆ ಹೊತ್ತಿಗೆ ಕಾಫಿ ತರಲು ಒಳಗೆ ಹೋಗಿರುತ್ತಿದ್ದಳು. ಅಜ್ಜಿಗೆ ಆ ಹಟ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಆ ಮನೆಯಲ್ಲಿ ಕೆಲವು ವಿಚಿತ್ರಗಳಿದ್ದವು. ಅಮ್ಮ ಹಾಲು ಬಗ್ಗಿಸುವಾಗ ನಾಲ್ಕು ಲೋಟ ತೆಗೆದು, ಒಂದನ್ನು ಮತ್ತೆ ಕಪಾಟಿಗೆ ಇಡುತ್ತಿದ್ದಳು. ಲೆಕ್ಕದಲ್ಲಿ ಅಮ್ಮ ದಡ್ಡಿ ಎಂದೇ ನಾನು ನಂಬಿದ್ದೆ. ಪಿತೃಪಕ್ಷದಲ್ಲಿ ಅಪ್ಪ ತಾತನಿಗೆ ಎಡೆ ಇಡುತ್ತಿದ್ದರು. ಬೆಡ್‌ರೂಮಿನಲ್ಲಿ ಎಲೆ ಹಾಕಿ, ಅನ್ನ, ಹೋಳಿಗೆ, ವಡೆ ಬಡಿಸಿ, ಹೊಸ ಪಂಚೆ ಇಟ್ಟು, ತಾತನನ್ನು ಹೆಸರು ಹಿಡಿದು ಬನ್ನಿ ಎಂದು ಕರೆದು, ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಲ್ಲಬೇಕು. ತಾತ ಬಂದು ಉಂಡು ಹೋಗುವಷ್ಟು ಹೊತ್ತು ಯಾರೂ ಮಾತಾಡುವಂತಿಲ್ಲ. ಆ ಮೌನದಲ್ಲಿ ಒಳಗೆ ಎಲೆ ಸರಿದ ಸದ್ದು ಕೇಳಿಸಿತು ಎಂದು ಪ್ರತಿ ವರ್ಷ ನನಗನಿಸುತ್ತಿತ್ತು. ಒಂದು ವರ್ಷ ಬಾಗಿಲು ಮುಚ್ಚುವ ಮುನ್ನ ಅಮ್ಮ ಒಂದು ಪುಟ್ಟ ಬಟ್ಟಲಿನಲ್ಲಿ ಮೊಸರನ್ನ ತಂದು ಪಂಚೆಯ ಪಕ್ಕ ಇಡಲು ಬಗ್ಗಿದಳು. ಅಪ್ಪ ಅವಳ ಕೈ ಹಿಡಿದು, ಚಿಕ್ಕವರಿಗೆ ಎಡೆ ಇಡೋ ಪದ್ಧತಿ ಇಲ್ಲ ಅಂತ ಗೊತ್ತಲ್ವಾ ಎಂದು ಮೆಲ್ಲಗೆ ಹೇಳಿದರು. ಚಿಕ್ಕವರು ಎಂದರೆ ನಾನೇ ಎಂದುಕೊಂಡು, ನಾನು ಆ ಮೊಸರನ್ನವನ್ನು ತೆಗೆದುಕೊಂಡು ತಿಂದೆ. ಅಮ್ಮ ನೋಡುತ್ತಾ ನಿಂತಿದ್ದಳು, ಬೇಡ ಅನ್ನಲಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ಟೆಟ್ಸುಯಾಮ ಬಂತು. ಹೆಸರಿಗೆ ಕಬ್ಬಿಣದ ಬೆಟ್ಟ ಎಂದು ಅರ್ಥವಂತೆ. ನಲವತ್ತು ಮಹಡಿ ಎತ್ತರದ ರೋಬೋ, ಅದರ ಎದೆಗೂಡಿನಲ್ಲಿ ಕೂತು ಅದನ್ನು ನಡೆಸುವ ಒಂದು ಮಗು. ಜಪಾನಿನಲ್ಲಿ ಅದು ಎಂದೋ ಮನೆಮಾತಾಗಿತ್ತು. ಇಲ್ಲಿ ಇಂಗ್ಲಿಷಿನಲ್ಲಿ ಬಿಡುವ ಹಕ್ಕು ನಮ್ಮ ಚಿಕ್ಕ ಸ್ಟುಡಿಯೋಗೆ ಸಿಕ್ಕಿದ್ದೇ ಅವರ ಪುಣ್ಯ. ವಾರಕ್ಕೊಂದು ಕಂತು ಬರುತ್ತಿದ್ದ ಹಾಗೇ ಊಟದ ಡಬ್ಬಿ, ಅಂಗಿ, ಕಾರ್ಡು, ಜೋಡಿಸುವ ಬೊಂಬೆ, ವಿಡಿಯೋ ಗೇಮು, ಹಲ್ಲುಜ್ಜುವ ಬ್ರಷ್ಷು, ಎಲ್ಲದರ ಮೇಲೂ ಅದೇ ಮೂತಿ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಹುಡುಗರು ಕಾಗುಣಿತದ ಪುಸ್ತಕದ ಕೆಳಗೆ ಕಾರ್ಡು ಬದಲಾಯಿಸಿಕೊಳ್ಳುತ್ತಿದ್ದರು. ಟೆಟ್ಸುಯಾಮದಲ್ಲಿ ನಮ್ಮಮ್ಮ ಕೆಲಸ ಮಾಡ್ತಾಳೆ ಎಂದು ಗೊತ್ತಾದ ಮೇಲೆ ನನ್ನ ಪದವಿ ಎಲ್ಲಿಗೋ ಏರಿತು. ಮುಂದಿನ ಕಂತಿನಲ್ಲಿ ಏನಾಗುತ್ತದೆ ಹೇಳು ಎಂದು ಆರನೇ ಕ್ಲಾಸಿನವರೂ ನನ್ನ ಹಿಂದೆ ಬರುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಆ ಸೊಕ್ಕು ನೆನೆದರೆ ಈಗಲೂ ನಗು ಬರುತ್ತದೆ.

ಏಳನೇ ಕಂತಿನಲ್ಲಿ ರೋಬೋ ಮೊದಲ ಸಲ ಊರೊಳಗೆ ಕಾಲಿಡುತ್ತದೆ. ಜನ ದಿಕ್ಕಾಪಾಲಾಗಿ ಓಡುತ್ತಾರೆ. ಆ ಗದ್ದಲಕ್ಕೆ ಹತ್ತಾರು ದನಿ ಬೇಕು, ಬೇರೆ ಬೇರೆ ಭಾಷೆ ಇದ್ದರೆ ಇನ್ನೂ ಒಳ್ಳೆಯದು ಎಂದು ಸ್ಟುಡಿಯೋ ನಡೆಸುತ್ತಿದ್ದ ಡೆಬ್ರಾ ಎಲ್ಲ ಕೆಲಸದವರನ್ನೂ ಕರೆದಳು. ಶಾಲೆಗೆ ರಜೆ ಇದ್ದುದರಿಂದ ಅಮ್ಮ ನನ್ನನ್ನೂ ಕರೆದುಕೊಂಡು ಹೋದಳು. ಒಂದು ಸಣ್ಣ ಕೋಣೆ, ಗೋಡೆಗೆಲ್ಲ ದಪ್ಪ ಸ್ಪಂಜು, ಎರಡು ಗಾಜಿನ ಕಿಟಕಿ. ಒಬ್ಬೊಬ್ಬರೇ ಒಳಗೆ ಹೋಗಿ ಕೂಗಿ ಬರುತ್ತಿದ್ದರು. ನಾನು ಗಾಜಿನ ಈಚೆಗೆ ಸೋಫಾದ ಮೇಲೆ ಕೂತಿದ್ದೆ. ಡೆಬ್ರಾ ಅಮ್ಮನಿಗೆ ಹೇಳಿದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ: ನೀನು ಗದ್ದಲದಲ್ಲಿ ಮಗುವನ್ನು ಕಳೆದುಕೊಂಡಿರುವ ತಾಯಿ, ನಿನ್ನ ಭಾಷೆಯಲ್ಲೇ ಕರೆ, ಏನು ಬಾಯಿಗೆ ಬಂದರೂ ಸರಿ. ಅಮ್ಮ ನಕ್ಕಳು, ಸೆರಗಿಲ್ಲದ ಕುರ್ತಾದ ಹೆಗಲನ್ನು ಅಭ್ಯಾಸಬಲದಿಂದ ಸರಿಮಾಡಿಕೊಂಡಳು, ಒಳಗೆ ಹೋದಳು. ದಪ್ಪ ಬಾಗಿಲು ಮುಚ್ಚಿತು. ನನಗೆ ಏನೂ ಕೇಳಿಸಲಿಲ್ಲ. ಅವಳ ಬಾಯಿ ತೆರೆದದ್ದು ಕಾಣಿಸಿತು, ಕತ್ತಿನ ನರ ಉಬ್ಬಿದ್ದು ಕಾಣಿಸಿತು. ಡೆಬ್ರಾ ತನ್ನ ಹೆಡ್‌ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಒಂದೇ ಸಲ ಸಾಕಿತ್ತು. ಅಮ್ಮ ಹೊರಗೆ ಬರಲು ಮಾತ್ರ ತುಂಬ ಹೊತ್ತು ತೆಗೆದುಕೊಂಡಳು. ವಾಪಸ್ ಬರುವಾಗ ಎಂದೂ ಇಲ್ಲದ್ದು ನನಗೆ ಐಸ್‌ಕ್ರೀಮ್ ಕೊಡಿಸಿದಳು. ಅಲ್ಲಿ ನನ್ನ ಹೆಸರೇ ಕರೆದೆಯಾ ಅಮ್ಮ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ನೋಡ್ದಾಗ ಗೊತ್ತಾಗತ್ತೆ ಬಿಡು ಎಂದು ಕಾರ್ ಸ್ಟಾರ್ಟ್ ಮಾಡಿದಳು.

ಆ ಕಂತು ಬಂದ ಭಾನುವಾರ ನಮ್ಮನೆ ಛತ್ರವಾಗಿತ್ತು. ಕನ್ನಡ ಕ್ಲಾಸಿನ ಮಕ್ಕಳೆಲ್ಲ ನೆಲದ ಮೇಲೆ, ಆಂಟಿಯರು ಸೋಫಾದ ಮೇಲೆ, ಅಂಕಲ್‌ಗಳು ಗೋಡೆಗೆ ಒರಗಿ. ನಾನು ಟಿವಿಯ ಮೂತಿಯ ಮುಂದೆ, ಮದುವಣಗಿತ್ತಿಯ ಗತ್ತಿನಲ್ಲಿ. ಈಗ ನನ್ನ ಹೆಸರು ಬರುತ್ತೆ ನೋಡಿ ಎಂದು ಎಲ್ಲರಿಗೂ ಸಾರಿದ್ದೆ. ರೋಬೋದ ಕಾಲು ಸೇತುವೆಯ ಮೇಲೆ ಇಳಿಯಿತು, ಜನ ಓಡಿದರು, ಯಾರೋ ಸ್ಪಾನಿಷ್‌ನಲ್ಲಿ ಅರಚಿದರು. ಎಲ್ಲ ಗಲಾಟೆಯ ಮೇಲೆ ತೇಲಿಕೊಂಡು ಒಂದು ಹೆಂಗಸಿನ ದನಿ ಬಂತು.

“ಚೇತೂ... ಎಲ್ಲಿದೀಯೋ... ಬಾರೋ ಮನೆಗೆ...”

ಅಮ್ಮನ ದನಿಯೇ. ಆದರೆ ಅಂಥ ದನಿಯನ್ನು ನಾನು ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಹಾಲು ಕುಡಿ, ಹೋಮ್‌ವರ್ಕ್ ಮಾಡು, ಚಪ್ಪಲಿ ಒಳಗಿಡು ಎನ್ನುವ ಗಂಟಲಿನಿಂದ ಅದು ಬಂದಿರಲಿಲ್ಲ, ಇನ್ನೆಲ್ಲಿಂದಲೋ ಬಂದಿತ್ತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ವೀಣಾ ಆಂಟಿ, ಅದ್ಯಾರ್ರೀ ಚೇತು, ತಿಪ್ಪೀನ ಬಿಟ್ಟು, ಎಂದು ತಮಾಷೆ ಮಾಡಿದರು. ಸುಮ್ನೆ ಬಾಯಿಗೆ ಬಂದಿದ್ದು ಎಂದಳು ಅಮ್ಮ. ಅಪ್ಪ ಎದ್ದು ಗ್ಯಾರೇಜಿಗೆ ಹೋಗಿ ಕಾರಿನೊಳಗೆ ಕೂತರು. ನಾನು ಹುಡುಕಿಕೊಂಡು ಹೋದಾಗ ಕಾರು ಸ್ಟಾರ್ಟೂ ಆಗಿರಲಿಲ್ಲ, ಅವರ ಎರಡೂ ಕೈ ಸ್ಟೀರಿಂಗ್ ಮೇಲಿದ್ದವು. ಬಂದವರೆಲ್ಲ ಉಂಡು ಹೊರಡುವವರೆಗೂ ಅವರು ಒಳಗೆ ಬರಲಿಲ್ಲ.

ಎಲ್ಲ ಹೋದಮೇಲೆ ಜಗಳ ಆಯಿತು. ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ. ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಇದ್ದಿದ್ದೇ ಇದಕ್ಕಾ ಎಂದರು ಅಪ್ಪ. ಬೀಗ ಹಾಕ್ಕೊಂಡೋರು ನೀವು, ನನ್ನ ಬಾಯಿಗೂ ನೀವೇ ಹಾಕಿದ್ದು ಎಂದಳು ಅಮ್ಮ. ಮುಂದಿನದನ್ನು ಅಪ್ಪ ತೀರ ತಗ್ಗಿದ ದನಿಯಲ್ಲಿ ಹೇಳಿದರು.

“ಸಾವಿರ ಮನೇಲಿ ಕರೀತಿದೀಯಲ್ಲೇ ಅವನನ್ನ. ಬಂದ್ರೆ ಯಾವ ಮನೆಗೆ ಅಂತ ಹೋಗ್ತಾನೆ?”

“ಯಾವ ಮನೆಗಾದ್ರೂ ಬರ್ಲಿ.”

“ತಿಪ್ಪಿಗೇನಾದ್ರೂ ಆದ್ರೆ? ತೆಗೆಸು ಅದನ್ನ. ನಿನ್ನ ಕೈಲೇ ಇದೆ, ಒಂದು ಸಾಲು ಬರೆದ್ರೆ ಆಯ್ತು.”

“ತೆಗೆಸಲ್ಲ,” ಎಂದಳು ಅಮ್ಮ. ಆಮೇಲೆ ಪಾತ್ರೆ ತೊಳೆಯುವ ಸದ್ದು ಬಂತು. ಅಪ್ಪ ಕಂಪ್ಯೂಟರ್ ಎಂಜಿನಿಯರು, ಜಾತಕ ನೋಡುವವರನ್ನು ಕಂಡರೆ ಉರಿದು ಬೀಳುವವರು. ಅಂಥವರ ದನಿಯಲ್ಲಿ ಹೆದರಿಕೆ ಇತ್ತು.

ಮಾರನೆಯ ಬೆಳಿಗ್ಗೆ ಅಜ್ಜಿಗೆ ವಿಡಿಯೋ ಕಾಲ್ ಮಾಡಿ, ಚೇತು ಯಾರು ಎಂದು ನೇರವಾಗಿ ಕೇಳಿದೆ. ಅಜ್ಜಿ ಮುಖವನ್ನು ಫೋನಿನಿಂದ ಆಚೆ ತೆಗೆದರು. ತುಂಬ ಹೊತ್ತು ನನಗೆ ಅವರ ಮನೆಯ ಸೂರು ಮಾತ್ರ ಕಾಣಿಸುತ್ತಿತ್ತು. ಸೂರಿನ ಕಡೆಯಿಂದಲೇ ಮಾತು ಬಂತು. ನಿನಗಿಂತ ಮುಂಚೆ ಒಬ್ಬ ಇದ್ದ ಕಣೇ, ನಿಮ್ಮಣ್ಣ. ನಾಲ್ಕು ವರ್ಷದವನು, ಜ್ವರ ಬಂತು, ಮೂರು ದಿನ. ನೀನು ಆಗ ಅಮ್ಮನ ಹೊಟ್ಟೇಲಿದ್ದೆ. ಹೋದ ಮಗೂನ ಹೆಸರು ಹಿಡಿದು ಕರೆದರೆ ಅದು ಇರೋ ಮಗೂ ಹತ್ರ ಬರುತ್ತೆ ಅಂತಾರೆ, ಅದಕ್ಕೇ ಯಾರೂ ಅವನ ಹೆಸರು ಎತ್ತಬಾರದು ಅಂತ ನಾನೇ ನಿಮ್ಮಪ್ಪನ ಹತ್ರ ಆಣೆ ಹಾಕ್ಸಿಕೊಂಡೆ. ನಿನ್ನನ್ನ ತಿಪ್ಪೆ ಮೇಲೆ ಹಾಕಿದ್ದೂ ಅದಕ್ಕೇ, ಯಾರ ಕಣ್ಣಿಗೂ ಬೇಡದ ವಸ್ತು ಥರ ಇರ್ಲಿ ಅಂತ. ಇಷ್ಟು ಹೇಳಿ ಅಜ್ಜಿ ಫೋನಿಟ್ಟುಬಿಟ್ಟರು. ಎಲ್ಲರೂ ನಕ್ಕ ಆ ಕಥೆಯಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂದು ನನಗೆ ಆವತ್ತು ತಿಳಿಯಿತು.

ಅಲ್ಲಿಂದ ಮುಂದೆ ಅವನು ಎಲ್ಲೆಲ್ಲೂ ಇದ್ದ. ನನ್ನ ಊಟದ ಡಬ್ಬಿಯ ಮೇಲಿನ ರೋಬೋದ ಎದೆಗೂಡಿನಲ್ಲಿ ಕೂತಿದ್ದ ಮಗುವಿಗೆ ಮುಖ ಬಿಡಿಸಿರಲಿಲ್ಲ. ನನಗೆ ಅದು ಅವನೇ. ಆ ಕೂಗನ್ನು ಸ್ಟುಡಿಯೋದವರು ಟ್ರೇಲರಿಗೂ ಹಾಕಿದರು, ಅಷ್ಟು ಚೆನ್ನಾಗಿ ಬಂದಿತ್ತಂತೆ. ಮಾಲಿನ ಆಟಿಕೆ ಅಂಗಡಿಯ ಬಾಗಿಲಲ್ಲಿ ಒಂದು ಟಿವಿ ಇಟ್ಟು ಬೆಳಗಿನಿಂದ ಸಂಜೆಯವರೆಗೂ ಅದನ್ನೇ ಓಡಿಸುತ್ತಿದ್ದರು. ಒಂದು ಶನಿವಾರ ನನಗೆ ಶೂ ಕೊಡಿಸಲೆಂದು ಹೋದ ಅಮ್ಮ ಆ ಟಿವಿಯ ಮುಂದೆ ನಿಂತುಬಿಟ್ಟಳು. ಚೇತೂ, ಎಲ್ಲಿದೀಯೋ. ಒಂದು ನಿಮಿಷ ಬಿಟ್ಟು ಮತ್ತೆ, ಚೇತೂ, ಎಲ್ಲಿದೀಯೋ. ಜನ ಚೀಲ ಹಿಡಿದು ಪಕ್ಕದಲ್ಲಿ ಹೋಗುತ್ತಿದ್ದರು. ನಾನು ಅವಳ ಕೈ ಎಳೆದೆ, ಬರಲಿಲ್ಲ. ಅಮ್ಮ, ನನ್ನ ಶೂ ಎಂದೆ. ಇರು ಎಂದಳು, ತಿರುಗಿ ನೋಡದೆ. ಹೊಟ್ಟೆಕಿಚ್ಚು ಎಂಬುದು ನನಗೆ ಮೊದಲು ಪರಿಚಯವಾದದ್ದು ಅಲ್ಲಿ, ಆ ಅಂಗಡಿಯ ಬಾಗಿಲಲ್ಲಿ. ಸತ್ತ ನಾಲ್ಕು ವರ್ಷದ ಹುಡುಗನ ಮೇಲೆ ನನಗೆ ಹೊಟ್ಟೆ ಉರಿಯಿತು. ಹೆದರಿಕೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಸೋಫಾದ ಹಿಂದೆ, ಬಾತ್‌ರೂಮಿನ ಪರದೆಯ ಹಿಂದೆ ಅವನು ನಿಂತಿರಬಹುದು ಎಂದು ಹಗಲಲ್ಲೇ ದೀಪ ಹಾಕಿಕೊಂಡು ಓಡಾಡುತ್ತಿದ್ದೆ. ಅಮ್ಮ ಅವನನ್ನು ಬಾ ಎಂದು ಕರೆದಿದ್ದಳಲ್ಲ. ನನ್ನನ್ನು ಹಾಗೆ ಕರೆಯಬೇಕಾದರೆ ನಾನೂ ಕಳೆದುಹೋಗಬೇಕೇನೋ ಎಂದುಕೊಂಡು ಒಮ್ಮೆ ಕಪಾಟಿನಲ್ಲಿ ಅಡಗಿ ಕೂತೆ. ಅಮ್ಮ ಬಂದು, ಸೆಕೆ ಆಗಲ್ವಾ ನಿಂಗೆ ಎಂದು ಬಾಗಿಲು ತೆಗೆದಳು.

ಕೆಲವು ವಾರಗಳಾದ ಮೇಲೆ ಮೊದಲ ಹತ್ತು ಕಂತುಗಳ ಡಿಸ್ಕು ಪರೀಕ್ಷೆಗೆ ಬಂತು. ಬಿಡುಗಡೆಗೆ ಅವಸರ, ಈ ಸಲ ನನ್ನ ಸೈಗೆ ಕಾಯಲ್ಲ, ಇದರಲ್ಲಿ ಏನು ತಿದ್ದಿದರೂ ಅದೇ ಕೊನೆಯದು, ಮುಂದೆ ಇಂಟರ್‌ನೆಟ್‌ನಲ್ಲೂ ಟಿವಿಯಲ್ಲೂ ಇದೇ ಹೋಗುತ್ತೆ ಎಂದು ಅಮ್ಮನೇ ವಿವರಿಸಿದ್ದಳು. ಏಳನೇ ಕಂತನ್ನು ಅವಳು ಎರಡು ಸಲ ನೋಡಿದಳು. ಕೂಗು ಬಂದಾಗ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಕಾಗದದಲ್ಲಿ ಏಳನೇ ಕಂತಿಗೆ ಯಾವ ತಪ್ಪನ್ನೂ ಬರೆಯಲಿಲ್ಲ. ಶುಕ್ರವಾರ ಮಧ್ಯಾಹ್ನ, ಲಕೋಟೆ ಅಂಟಿಸಮ್ಮ, ನಾನು ಸ್ನಾನ ಮಾಡ್ಕೊಂಡ್ ಬರ್ತೀನಿ ಎಂದು ಹೋದಳು. ಒಳಗೆ ನೀರಿನ ಸದ್ದು ಶುರುವಾಯಿತು. ನಾನು ಪೆನ್ಸಿಲ್ ತೆಗೆದುಕೊಂಡು, ಆರರ ಮತ್ತು ಎಂಟರ ನಡುವೆ ಖಾಲಿ ಇದ್ದ ಸಾಲಿನಲ್ಲಿ, ಅವಳು ಬರೆಯುವ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ, ಏಳನೇ ಕಂತು, ಹನ್ನೊಂದನೇ ನಿಮಿಷ, ಹೆಂಗಸಿನ ದನಿ ಸರಿಯಿಲ್ಲ, ತೆಗೆಯಿರಿ ಎಂದು ಬರೆದೆ. ಲಕೋಟೆಯ ಅಂಚನ್ನು ನೆಕ್ಕಿ ಅಂಟಿಸಿದೆ, ಆ ಅಂಟಿನ ಕಹಿ ಸಂಜೆಯವರೆಗೂ ನಾಲಿಗೆಯ ಮೇಲಿತ್ತು.

ತಿದ್ದಿದ ಡಿಸ್ಕು ಎರಡು ವಾರದಲ್ಲಿ ಬಂತು. ನಾನು ಸ್ಕೂಲ್ ಬಸ್ಸಿಳಿದು ಮನೆಗೆ ಬಂದಾಗ ಅಮ್ಮ ಮೇಜಿನ ಮುಂದೆ ಕೂತಿದ್ದಳು. ಹೆಡ್‌ಫೋನು ಹಾಕಿರಲಿಲ್ಲ, ಟಿವಿಯ ದನಿಯನ್ನು ಹೊರಗೇ ಬಿಟ್ಟಿದ್ದಳು. ಜನ ಓಡುತ್ತಿದ್ದರು, ಸ್ಪಾನಿಷ್ ಅರಚಾಟ ಬಂತು, ಆಮೇಲೆ ಬೂಟುಗಳ ಸದ್ದು, ಗಾಳಿ. ಅಷ್ಟೇ. ಅವಳ ಅಂಗೈ ಕೆಳಗೆ ಆ ಕಾಗದವಿತ್ತು. ನಾನು ಬರೆದ ಸಾಲಿನ ಪಕ್ಕದಲ್ಲಿ ಡೆಬ್ರಾಳ ಹಸಿರು ಟಿಕ್ ಇತ್ತು. ಹೊಡೆಯುತ್ತಾಳೆ ಎಂದುಕೊಂಡು ಬ್ಯಾಗನ್ನು ಎದೆಗೆ ಒತ್ತಿ ಹಿಡಿದೆ. ಅಮ್ಮ ಹೊಡೆಯಲಿಲ್ಲ. ಅಪ್ಪ ಹೇಳಿ ಬರೆಸಿದ್ರಾ ಎಂದು ಕೇಳಿದಳು. ಹೌದು ಎನ್ನಬಹುದಿತ್ತು, ಎಷ್ಟು ಸುಲಭವಿತ್ತು. ನಾನು ತಲೆ ಅಲ್ಲಾಡಿಸಿದೆ, ಇಲ್ಲ, ನಾನೇ. ಡೆಬ್ರಾಗೆ ಹೇಳು, ವಾಪಸ್ ಹಾಕ್ತಾರೆ ಎಂದು ಇಂಗ್ಲಿಷಿನಲ್ಲಿ ಅಳಲು ಶುರುಮಾಡಿದೆ. ಇಷ್ಟು ಹೊತ್ತಿಗೆ ಸಾವಿರಗಟ್ಟಲೆ ಅಚ್ಚಾಗಿಬಿಟ್ಟಿದೆ, ಇದು ಬರೀ ನನಗೆ ತೋರಿಸೋಕೆ ಕಳಿಸಿರೋದು ಎಂದಳು. ಇನ್ನೊಂದು ಸಲ ಹೋಗಿ ಕೂಗು ಅಮ್ಮ ಎಂದೆ. ಅವಳು ಎಷ್ಟೋ ಹೊತ್ತು ನನ್ನ ಮುಖವನ್ನೇ ನೋಡಿದಳು. ನನ್ನನ್ನು ಅವಳು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು ಎಂದು ನನಗೆ ಆ ಅಳುವಿನಲ್ಲೂ ಅನಿಸಿತು. ನನ್ನ ಬ್ಯಾಗ್ ಇಳಿಸಿ, ಪಕ್ಕದ ಕುರ್ಚಿ ಎಳೆದು ಕೂರಿಸಿದಳು.

“ನಂಗೆ ಒಂದೇ ಸಲ ಆಗಿದ್ದು ಅದು. ಇನ್ನೊಂದ್ಸಲ ಆಗಲ್ಲ,” ಎಂದಳು. “ತೆಗೆದೋಳು ನೀನು ತಾನೇ? ಇನ್ಮೇಲೆ ನೀನೇ ಕರಿ.”

ಹೆದರಿಕೆಯಾಗುತ್ತೆ, ಅವನು ಬಂದುಬಿಟ್ಟರೆ ಎಂದೆ. ಬಂದ್ರೆ ನಿಮ್ಮಣ್ಣ ಕಣೇ, ಏನ್ ಮಾಡ್ತಾನೆ ನಿನ್ನನ್ನ ಎಂದು ನನ್ನ ಕಣ್ಣೊರೆಸಿದಳು. ಆಮೇಲೆ ದೃಶ್ಯವನ್ನು ಮೊದಲಿನಿಂದ ಹಾಕಿದಳು. ಸೇತುವೆಯ ಮೇಲೆ ಕಾಲು ಇಳಿಯಿತು. ಜನ ಓಡಿದರು. ಆ ಅರಚಾಟ ಮುಗಿಯಿತು. ಈಗ ಎನ್ನುವಂತೆ ಅಮ್ಮ ನನ್ನ ಮೊಣಕೈ ಮುಟ್ಟಿದಳು. ಚೇತೂ ಎಂದೆ. ಎಲ್ಲಿದೀಯೋ ಎನ್ನಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಅದೇ ಹೊತ್ತಿಗೆ ಗ್ಯಾರೇಜಿನ ಕಡೆಯ ಬಾಗಿಲು ತೆರೆದುಕೊಂಡಿತು. ಆಫೀಸಿನ ಚೀಲ ಹೆಗಲಲ್ಲೇ ಇಟ್ಟುಕೊಂಡು ಅಪ್ಪ ಹೊಸ್ತಿಲ ಮೇಲೆ ನಿಂತಿದ್ದರು. ಅವರಿಗೆ ಕೇಳಿಸಿತ್ತು. ನಾನು ಅಮ್ಮನ ತೋಳಿಗೆ ಅಂಟಿಕೊಂಡೆ. ಅಮ್ಮ ಅಲುಗಾಡಲಿಲ್ಲ, ಟಿವಿಯನ್ನು ನಿಲ್ಲಿಸಲೂ ಇಲ್ಲ. ಅಪ್ಪ ಅವಳನ್ನು ನೋಡಿದರು, ಟಿಕ್ ಹಾಕಿದ ಕಾಗದವನ್ನು ನೋಡಿದರು. ಶೂ ಬಿಚ್ಚದೆ ಒಳಗೆ ಬಂದು, ನಮ್ಮ ಮನೆಯಲ್ಲಿ ಯಾರೂ ಉಣ್ಣದ ಆ ಮೇಜಿನ ಮುಂದೆ ಕುರ್ಚಿ ಎಳೆದು ಕೂತರು. ನನ್ನ ಕಡೆ ಬಾಗಿ ಹೇಳಿದರು.

“ಅಷ್ಟು ಮೆತ್ತಗೆ ಕರೆದ್ರೆ ಅವನಿಗೆ ಕೇಳಿಸಲ್ಲಮ್ಮ. ಆಟಕ್ಕೆ ಕೂತ ಅಂದ್ರೆ ಗಟ್ಟಿಯಾಗಿ ಎರಡು ಸಲ ಕೂಗ್ಬೇಕಿತ್ತು ಅವನನ್ನ.”

ಅಮ್ಮ ರಿಮೋಟ್ ತೆಗೆದುಕೊಂಡು ದೃಶ್ಯವನ್ನು ಮತ್ತೆ ಹಿಂದಕ್ಕೆ ಓಡಿಸಿದಳು.